ಸ್ಲಿಕ್ ಟೈರ್: ರಸ್ತೆ ಕಾರು ಮತ್ತು ಟ್ರ್ಯಾಕ್ ಡೇ

ನೆಲ ಮುಟ್ಟುವ ಮೈಯಲ್ಲಿ ತೋಡು, ಗೀರು ಏನೂ ಇಲ್ಲದೆ ನುಣುಪಾಗಿರುವ, ಒಣ ರೇಸ್ ಟ್ರ್ಯಾಕಿಗೆಂದೇ ತಯಾರಾಗುವ ಟೈರಿಗೆ ಸ್ಲಿಕ್ ಟೈರ್ ಎನ್ನುತ್ತಾರೆ. ಇದು ಮೂಲತಃ ರೇಸ್ ಕಾರುಗಳ ಸಲಕರಣೆ. ದಿನವೂ ಓಡಾಡುವ ಕಾರಿಗೆ ಇದನ್ನು ಹಾಕಿ ಟ್ರ್ಯಾಕ್ ಡೇಗಳಲ್ಲಿ ಓಡಿಸುವ ರೂಢಿ ಬ್ರಿಟನ್, ಜರ್ಮನಿ, ಅಮೆರಿಕ, ಜಪಾನ್, ಆಸ್ಟ್ರೇಲಿಯಗಳಲ್ಲಿ ಬೇರೂರಿದೆ. ಟ್ರ್ಯಾಕ್ ಡೇ ಎಂದರೆ ರೇಸ್ ಅಲ್ಲ. ಶುಲ್ಕ ಕಟ್ಟಿದವರು ತಮ್ಮ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನ ಮೇಲೆ, ಎದುರಿನಿಂದ ವಾಹನ ಬರುವ ಭಯವಿಲ್ಲದೆ ಓಡಿಸುವ ದಿನ ಅದು. ಬ್ರಿಟನ್ನಿನಲ್ಲಿ ಅಂದು ಸುತ್ತಿನ ಸಮಯ ಅಳೆಯಲು ಸಾಮಾನ್ಯವಾಗಿ ಅನುಮತಿಯಿಲ್ಲ. ಮುಂದಿನವರು ದಾರಿ ಬಿಟ್ಟಾಗ ಮಾತ್ರ ಹಿಂದಿನವರು ದಾಟಬೇಕು.

ಗೆಲುವು ಸೋಲಿನ ಲೆಕ್ಕವಿಲ್ಲದಿದ್ದರೂ ಸ್ಲಿಕ್ ಟೈರಿನ ಸೆಳೆತ ದೊಡ್ಡದು. ಎಂಜಿನ್ನನ್ನು ಮುಟ್ಟದೆ, ನಾಲ್ಕು ಚಕ್ರ ಬಿಚ್ಚಿ ಹಾಕುವಷ್ಟರಲ್ಲಿ ಕಾರಿನ ವೇಗವನ್ನು ಇಷ್ಟು ಏರಿಸಬಲ್ಲ ಬದಲಾವಣೆ ಇನ್ನೊಂದಿಲ್ಲ. ಆದರೆ ರಸ್ತೆ ಕಾರಿನ ಬ್ರೇಕು, ಸಸ್ಪೆನ್ಶನ್, ಎಂಜಿನ್ ಆಯಿಲಿನ ವ್ಯವಸ್ಥೆ ಎಲ್ಲವೂ ರಸ್ತೆ ಟೈರಿನ ಹಿಡಿತವನ್ನೇ ಗಡಿಯಾಗಿಟ್ಟುಕೊಂಡು ರೂಪುಗೊಂಡವು. ಹಿಡಿತ ಏರಿದರೆ ಆ ಗಡಿ ಸರಿಯುತ್ತದೆ, ಕಾರಿನ ಪ್ರತಿ ಭಾಗದ ಮೇಲೂ ಹೊಸ ಹೊರೆ ಬೀಳುತ್ತದೆ. ಹಾಗಾಗಿ ಸ್ಲಿಕ್ ಹಾಕುವ ತೀರ್ಮಾನ ಬರೀ ಟೈರಿನ ತೀರ್ಮಾನವಲ್ಲ, ಇಡೀ ಕಾರಿನ ತೀರ್ಮಾನ.

ತೋಡಿಲ್ಲದ ರಬ್ಬರ್

ರಸ್ತೆ ಟೈರಿನ ತೋಡುಗಳು ಇರುವುದು ನೀರನ್ನು ಹೊರಹಾಕಲು. ಒಣ ನೆಲದ ಮೇಲೆ ಅವುಗಳಿಂದ ಹಿಡಿತಕ್ಕೆ ಲಾಭವಿಲ್ಲ, ನಷ್ಟವೇ ಹೆಚ್ಚು. ಹೊಸ ಕಾರ್ ಟೈರಿನ ತೋಡು ಸುಮಾರು 7–8 ಮಿ.ಮೀ. ಆಳವಿರುತ್ತದೆ. ತೋಡುಗಳ ನಡುವೆ ಅಷ್ಟೇ ಎತ್ತರಕ್ಕೆ ನಿಂತ ರಬ್ಬರ್ ಬ್ಲಾಕುಗಳು ತಿರುವಿನಲ್ಲಿ ಬುಡದಿಂದ ಬಾಗಿ, ನೆಲ ಬಿಟ್ಟೊಡನೆ ನೆಟ್ಟಗಾಗುತ್ತವೆ. ಹೀಗೆ ಬಾಗಿ ಏಳುವಾಗಲೆಲ್ಲ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ. ಟ್ರ್ಯಾಕಿನ ಮೇಲೆ ಕೆಲವು ಸುತ್ತು ಬಿರುಸಾಗಿ ಓಡಿಸಿದರೆ ಬ್ಲಾಕುಗಳ ಅಂಚು ಹರಿದು ತುಂಡುತುಂಡಾಗಿ ಕಿತ್ತುಬರುತ್ತದೆ. ಹೊಸ ರಸ್ತೆ ಟೈರನ್ನು ಯಂತ್ರದಲ್ಲಿ ಹೆರೆದು, ತೋಡಿನ ಆಳವನ್ನು ಅರ್ಧಕ್ಕೆ ಇಳಿಸಿ ಟ್ರ್ಯಾಕಿಗೆ ಒಯ್ಯುವ ಪದ್ಧತಿ ಅಮೆರಿಕದಲ್ಲಿ ಇರುವುದು ಈ ಕಾರಣಕ್ಕೇ. ಸ್ಲಿಕ್ ಟೈರ್ ಆ ತರ್ಕದ ಕೊನೆಯ ಹಂತ: ಬಾಗಲು ಬ್ಲಾಕುಗಳೇ ಇಲ್ಲ, ಟೈರ್ ನೆಲ ಮುಟ್ಟುವಷ್ಟು ಜಾಗದಲ್ಲೂ ರಬ್ಬರೇ.

ಹಿಡಿತದ ಇನ್ನೊಂದು ಮೂಲ ರಬ್ಬರಿನ ಮಿಶ್ರಣ. ಗಟ್ಟಿ ವಸ್ತುಗಳ ಘರ್ಷಣೆಗೆ ಶಾಲೆಯಲ್ಲಿ ಕಲಿಸುವ ಸರಳ ನಿಯಮ ರಬ್ಬರಿಗೆ ಹೊಂದುವುದಿಲ್ಲ. ರಬ್ಬರ್ ನೆಲವನ್ನು ಎರಡು ಬಗೆಯಲ್ಲಿ ಹಿಡಿಯುತ್ತದೆ: ಮೇಲ್ಮೈಗೆ ಅಣುಮಟ್ಟದಲ್ಲಿ ಅಂಟಿಕೊಂಡು, ಮತ್ತು ಡಾಂಬರಿನ ಜಲ್ಲಿಕಲ್ಲುಗಳ ಉಬ್ಬುತಗ್ಗಿನ ಮೇಲೆ ಹಾಯುವಾಗ ಒಳಗೊಳಗೇ ಶಕ್ತಿಯನ್ನು ಕಳೆದುಕೊಂಡು. ಎರಡೂ ರಬ್ಬರಿನ ಮೃದುತ್ವ, ಉಷ್ಣತೆ ಮತ್ತು ಜಾರುವ ವೇಗವನ್ನು ಅವಲಂಬಿಸಿವೆ ಎಂಬುದನ್ನು ಕೆ. ಎ. ಗ್ರೋಶ್ 1963ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸ್ಪಷ್ಟಪಡಿಸಿದವು. ರಸ್ತೆ ಟೈರಿನ ಮಿಶ್ರಣ ಹತ್ತಾರು ಸಾವಿರ ಕಿಲೋಮೀಟರ್ ಬಾಳಬೇಕು, ಚಳಿಯಲ್ಲೂ ಮಳೆಯಲ್ಲೂ ಕೆಲಸ ಮಾಡಬೇಕು, ಇಂಧನ ಉಳಿಸಬೇಕು. ಸ್ಲಿಕ್ ಟೈರಿನ ಮಿಶ್ರಣಕ್ಕೆ ಇಷ್ಟೆಲ್ಲ ಕಟ್ಟುಪಾಡಿಲ್ಲ. ಬಿಸಿಯಾದಾಗ ಒಣ ನೆಲವನ್ನು ಕಚ್ಚಿ ಹಿಡಿದರೆ ಅದರ ಕೆಲಸ ಮುಗಿಯಿತು. ಒಳ್ಳೆಯ ರಸ್ತೆ ಟೈರಿನ ಘರ್ಷಣಾಂಕ ಒಣ ಡಾಂಬರಿನಲ್ಲಿ ಸುಮಾರು 1.0 ಎಂದು ಹಿಡಿದರೆ, ಹದವಾಗಿ ಬಿಸಿಯಾದ ಸ್ಲಿಕ್‌ನದು 1.3, 1.4ರ ಆಸುಪಾಸಿಗೆ ಏರುತ್ತದೆ.

ಸವೆದು ಬೋಳಾದ ರಸ್ತೆ ಟೈರ್ ಸ್ಲಿಕ್ ಅಲ್ಲ. ಅದರಲ್ಲಿ ಉಳಿದಿರುವುದು ಗಡುಸಾದ, ತೆಳುವಾದ ರಬ್ಬರ್ ಪದರ. ಅದರ ಕೆಳಗೇ ಉಕ್ಕಿನ ತಂತಿಯ ಪಟ್ಟಿ. ಸ್ಲಿಕ್‌ನ ಮಿಶ್ರಣವೂ ಅದರಲ್ಲಿಲ್ಲ, ರೇಸಿಂಗ್ ಟೈರಿನ ಗಟ್ಟಿ ಪಕ್ಕೆಯೂ ಇಲ್ಲ. ಮೇಲ್ನೋಟಕ್ಕೆ ಎರಡೂ ಒಂದೇ ಎಂದು ಟ್ರ್ಯಾಕಿಗೆ ಇಳಿಸಿದರೆ ಟೈರ್ ಸಿಡಿಯುವ ಅಪಾಯವಿದೆ.

ಹಿನ್ನೆಲೆ

ತೋಡಿಲ್ಲದ ಟೈರ್ ಮೊದಲು ನೆಲೆಯೂರಿದ್ದು ಅಮೆರಿಕದ ಡ್ರ್ಯಾಗ್ ರೇಸಿಂಗ್‌ನಲ್ಲಿ. ನೇರ ದಾರಿಯಲ್ಲಿ ನಿಂತಲ್ಲಿಂದ ಜಿಗಿಯುವ ಕಾರುಗಳಿಗೆ 1950ರ ದಶಕದಲ್ಲಿ ಹಳೆಯ ಟೈರುಗಳ ಮೇಲೆ ತೋಡಿಲ್ಲದ ಮೃದು ರಬ್ಬರನ್ನು ಕೂರಿಸಿ ಬಳಸುತ್ತಿದ್ದರು. ಬರಬರುತ್ತ ಅದಕ್ಕೆಂದೇ ಟೈರುಗಳು ತಯಾರಾದವು. ತಿರುವುಗಳಿರುವ ಟ್ರ್ಯಾಕುಗಳಿಗೆ ಅದು ಬಂದದ್ದು ತಡವಾಗಿ. ಫಾರ್ಮುಲಾ 1ರಲ್ಲಿ 1960ರ ದಶಕದ ಕೊನೆಯ ಅಗಲ ಟೈರುಗಳಿಗೂ ತೋಡುಗಳಿದ್ದವು; 1971ರ ಹಂಗಾಮಿನಲ್ಲಿ ಸ್ಲಿಕ್ ಬಂದು ನೆಲೆಯಾಯಿತು.

ತಿರುವುಗಳಲ್ಲಿ ಕಾರುಗಳ ವೇಗ ಅತಿಯಾಯಿತೆಂದು 1998ರಲ್ಲಿ ಫಾರ್ಮುಲಾ 1 ಸ್ಲಿಕ್ ಟೈರನ್ನು ನಿಷೇಧಿಸಿತು. ಆ ವರ್ಷ ಮುಂದಿನ ಟೈರಿಗೆ ಮೂರು, ಹಿಂದಿನದಕ್ಕೆ ನಾಲ್ಕು ತೋಡು ಕಡ್ಡಾಯವಾಯಿತು. ಮರುವರ್ಷದಿಂದ ಮುಂದಿನ ಟೈರಿಗೂ ನಾಲ್ಕು. ಆ ತೋಡುಗಳು ನೀರಿಗಾಗಿ ಇದ್ದವಲ್ಲ. ನೆಲ ಮುಟ್ಟುವ ರಬ್ಬರನ್ನು ಕಡಿಮೆ ಮಾಡಲು ಮತ್ತು ತೋಡಿನ ಅಂಚು ಹರಿಯದಷ್ಟು ಗಡಸು ಮಿಶ್ರಣ ಬಳಸುವಂತೆ ಮಾಡಲು ಇದ್ದವು. ತೋಡಿನಿಂದ ಒಣ ನೆಲದಲ್ಲಿ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗಲಾರದು. 2009ರಲ್ಲಿ ಸ್ಲಿಕ್ ಮರಳಿತು.

ಶಾಖ ಮತ್ತು ಗಾಳಿ ಒತ್ತಡ

ಸ್ಲಿಕ್ ಟೈರಿಗೆ ಒಂದು ಹದದ ಉಷ್ಣತೆ ಇದೆ. ಮಿಶ್ರಣಕ್ಕೆ ತಕ್ಕಂತೆ ಅದು ಹೆಚ್ಚುಕಡಿಮೆ 70ರಿಂದ 110 ಡಿಗ್ರಿ ಸೆಲ್ಸಿಯಸ್‌ ನಡುವೆ ಬರುತ್ತದೆ. ಅದಕ್ಕಿಂತ ತಣ್ಣಗಿದ್ದಾಗ ಹಿಡಿತ ರಸ್ತೆ ಟೈರಿಗಿಂತಲೂ ಕಡಿಮೆ ಇರಬಹುದು. ಟ್ರ್ಯಾಕ್ ಡೇಯ ಅಪಘಾತಗಳಲ್ಲಿ ಅತ್ಯಂತ ಸುಲಭವಾಗಿ ತಪ್ಪಿಸಬಹುದಾದದ್ದು ಇಲ್ಲಿದೆ: ಪಿಟ್‌ನಿಂದ ಹೊರಟ ಮೊದಲ ಸುತ್ತಿನಲ್ಲೇ, ಟೈರ್ ಇನ್ನೂ ತಣ್ಣಗಿರುವಾಗ, ಸ್ಲಿಕ್ ಇದೆಯೆಂಬ ಧೈರ್ಯದ ಮೇಲೆ ತಿರುವಿಗೆ ನುಗ್ಗುವುದು. ರೇಸ್ ತಂಡಗಳು ಟೈರಿಗೆ ವಿದ್ಯುತ್ ಕಂಬಳಿ ಸುತ್ತಿ ಮೊದಲೇ ಬಿಸಿ ಮಾಡಿಡುತ್ತವೆ. ಟ್ರ್ಯಾಕ್ ಡೇಗೆ ಬಂದವರಿಗೆ ಆ ಅನುಕೂಲ ಅಪರೂಪ. ಎರಡು ಮೂರು ಸುತ್ತು ತಾಳ್ಮೆಯಿಂದ ವೇಗ ಏರಿಸಿಕೊಂಡು ಹೋಗುವುದೇ ದಾರಿ. ಹಗುರ ಕಾರಿಗೆ ಭಾರದ ಕಾರುಗಳ ಗಡಸು ಸ್ಲಿಕ್ ಹಾಕಿದರೆ ಟೈರ್ ಹದಕ್ಕೆ ಬರುವುದೇ ಇಲ್ಲ ಎಂಬುದೂ ಸಾಮಾನ್ಯ ಅನುಭವ.

ಹದ ಮೀರಿ ಕಾದರೆ ಬೇರೆ ತೊಂದರೆ. ಒಳಪದರದ ರಬ್ಬರ್ ಕುದ್ದು ಮೇಲ್ಮೈಯಲ್ಲಿ ಗುಳ್ಳೆಗಳೇಳುತ್ತವೆ, ಗುಳ್ಳೆ ಒಡೆದು ಗುಂಡಿ ಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ತಣ್ಣಗಿರುವ ಟೈರನ್ನು ಅಡ್ಡಡ್ಡ ಜಾರಿಸಿದರೆ ಮೇಲ್ಮೈ ಹರಿದು ತರಿತರಿಯಾಗುತ್ತದೆ. ಎರಡು ಗುರುತುಗಳನ್ನೂ ಪಿಟ್‌ನಲ್ಲಿ ನಿಂತು ಕಣ್ಣಿಂದಲೇ ಓದಬಹುದು. ಇನ್ನೂ ನಿಖರವಾಗಿ ಬೇಕಾದರೆ ಸೂಜಿಯಿರುವ ಉಷ್ಣತಾಮಾಪಕವನ್ನು ರಬ್ಬರಿಗೆ ಚುಚ್ಚಿ ಟೈರಿನ ಒಳಅಂಚು, ನಡು, ಹೊರಅಂಚುಗಳ ಉಷ್ಣತೆ ನೋಡುತ್ತಾರೆ. ನಡು ಹೆಚ್ಚು ಬಿಸಿಯಿದ್ದರೆ ಗಾಳಿ ಹೆಚ್ಚಾಗಿದೆ. ಹೊರಅಂಚು ಹೆಚ್ಚು ಬಿಸಿಯಿದ್ದರೆ ಚಕ್ರದ ಕ್ಯಾಂಬರ್, ಅಂದರೆ ಒಳಮುಖ ವಾಲುವಿಕೆ, ಸಾಲದು.

ಗಾಳಿಯ ಒತ್ತಡವನ್ನು ಬಿಸಿ ಟೈರಿನಲ್ಲೇ ಅಳೆದು ಹೊಂದಿಸಬೇಕು. 25 ಡಿಗ್ರಿಯಲ್ಲಿ 20 ಪಿಎಸ್‌ಐ ತುಂಬಿದ ಟೈರಿನೊಳಗಿನ ಗಾಳಿ 80 ಡಿಗ್ರಿಗೆ ಕಾದಾಗ ಒತ್ತಡ 26–27 ಪಿಎಸ್‌ಐಗೆ ಏರುತ್ತದೆ. ಗಾಳಿಯಲ್ಲಿ ತೇವವಿದ್ದರೆ ಇನ್ನೂ ಹೆಚ್ಚು. ಒಣ ನೈಟ್ರೋಜನ್ ತುಂಬುವುದರಿಂದ ಈ ಏರಿಕೆ ಊಹೆಗೆ ಸಿಗುವಂತಿರುತ್ತದೆ, ಅಷ್ಟೇ, ಏರಿಕೆ ನಿಲ್ಲುವುದಿಲ್ಲ. ರಸ್ತೆ ಟೈರಿಗೆ ಹೇಳಿದ 32–33 ಪಿಎಸ್‌ಐಯನ್ನೇ ತಣ್ಣಗಿರುವಾಗ ಸ್ಲಿಕ್‌ಗೆ ತುಂಬಿದರೆ ಬಿಸಿಯಾದಾಗ ಟೈರ್ ಉಬ್ಬಿ, ನಡುಭಾಗ ಮಾತ್ರ ನೆಲ ಮುಟ್ಟುತ್ತದೆ. ಹಿಡಿತಕ್ಕೆಂದು ಹಾಕಿದ ಟೈರ್ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಟೈರ್ ತಯಾರಕರು ಬಿಸಿ ಒತ್ತಡದ ಜೊತೆಗೆ ತಣ್ಣಗಿನ ಕನಿಷ್ಠ ಒತ್ತಡವನ್ನೂ ಸೂಚಿಸುತ್ತಾರೆ. ಅದಕ್ಕಿಂತ ಕೆಳಗೆ ಇಳಿಸಿದರೆ ಪಕ್ಕೆ ಮಡಚಿ ಟೈರ್ ರಿಮ್‌ನಿಂದ ಕಳಚಬಹುದು.

ಕಾರಿನ ಮೇಲೆ ಬೀಳುವ ಹೊರೆ

50 ಮೀಟರ್ ತ್ರಿಜ್ಯದ ಸಮತಟ್ಟಾದ ತಿರುವನ್ನು ಘರ್ಷಣಾಂಕ 1.0 ಇರುವ ಟೈರ್ ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ದಾಟಿಸುತ್ತದೆ, 1.3 ಇರುವ ಟೈರ್ 91 ಕಿ.ಮೀ.ಗೆ ಒಯ್ಯುತ್ತದೆ. ವೇಗ ಏರಿದ್ದು ಶೇ. 14, ಆದರೆ ಕಾರಿನ ಚಲನಶಕ್ತಿ ಏರಿದ್ದು ಶೇ. 30. ಹಿಡಿತ ತಪ್ಪಿ ತಡೆಗೋಡೆಗೆ ಗುದ್ದಿದರೆ ಲೆಕ್ಕಕ್ಕೆ ಬರುವುದು ಎರಡನೆಯ ಅಂಕಿ.

ತಿರುವಿನಲ್ಲಿ ಕಾರಿನ ಭಾರ ಒಳಗಿನ ಚಕ್ರಗಳಿಂದ ಹೊರಗಿನವಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆಂಬುದು ಗುರುತ್ವ ಕೇಂದ್ರದ ಎತ್ತರ, ಎಡಬಲ ಚಕ್ರಗಳ ನಡುವಿನ ಅಂತರ ಮತ್ತು ಅಡ್ಡಬಲ, ಈ ಮೂರರಿಂದ ತೀರ್ಮಾನವಾಗುತ್ತದೆ. ಗಡುಸಾದ ಸ್ಪ್ರಿಂಗ್ ಹಾಕಿದರೆ ಕಾರು ವಾಲುವುದು ಕಡಿಮೆಯಾಗುತ್ತದೆಯೇ ಹೊರತು ಸರಿಯುವ ಒಟ್ಟು ಭಾರ ಹೆಚ್ಚೇನೂ ತಗ್ಗುವುದಿಲ್ಲ. 1,300 ಕೆ.ಜಿ. ತೂಕದ, ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿರುವ, ಚಕ್ರಗಳ ನಡುವೆ 1.5 ಮೀಟರ್ ಅಂತರವಿರುವ ಕಾರನ್ನು ತೆಗೆದುಕೊಂಡರೆ, ನಿಂತಾಗ ಒಂದೊಂದು ಬದಿಯ ಚಕ್ರಗಳ ಮೇಲೆ 650 ಕೆ.ಜಿ. ಇರುತ್ತದೆ. 1.0 ಜಿ, ಅಂದರೆ ಕಾರಿನ ತೂಕದಷ್ಟೇ ಅಡ್ಡಬಲದಲ್ಲಿ 433 ಕೆ.ಜಿ. ಹೊರಬದಿಗೆ ಸರಿಯುತ್ತದೆ. 1.3 ಜಿಯಲ್ಲಿ ಸರಿಯುವುದು 563 ಕೆ.ಜಿ.; ಆಗ ಒಳಗಿನ ಎರಡೂ ಚಕ್ರಗಳ ಮೇಲೆ ಸೇರಿ ಉಳಿಯುವುದು 90 ಕೆ.ಜಿ.ಗೂ ಕಡಿಮೆ. ಇನ್ನೂ ಎತ್ತರದ ಕಾರಾಗಿದ್ದರೆ ಒಳಚಕ್ರಗಳು ನೆಲ ಬಿಟ್ಟೇಳುತ್ತವೆ. ರಸ್ತೆ ಟೈರ್ ಹಾಕಿದ ಸಾಮಾನ್ಯ ಕಾರು ಒಣ ಸಮತಟ್ಟು ನೆಲದಲ್ಲಿ ಮಗುಚುವ ಮೊದಲೇ ಜಾರಿಬಿಡುತ್ತದೆ, ಅದೇ ಅದರ ರಕ್ಷೆ. ಎಸ್‌ಯುವಿಯಂಥ ಎತ್ತರದ ವಾಹನಕ್ಕೆ ಸ್ಲಿಕ್ ಹಾಕಿದರೆ ಆ ರಕ್ಷೆ ಹೋಗುತ್ತದೆ. ಅಂಥ ವಾಹನಕ್ಕೆ ಸ್ಲಿಕ್ ಹಾಕಲೇಬಾರದು.

ಹೆಚ್ಚಿನ ಹಾನಿ, ಅದೂ ಕಣ್ಣಿಗೆ ಬೀಳದೆ, ನಡೆಯುವುದು ಎಂಜಿನ್ನಿನೊಳಗೆ. ರಸ್ತೆ ಕಾರುಗಳಲ್ಲಿ ಎಂಜಿನ್ ಆಯಿಲ್ ಎಂಜಿನ್ನಿನ ತಳದ ಸಂಪ್‌ನಲ್ಲಿ ನಿಂತಿರುತ್ತದೆ. ಪಂಪು ಅಲ್ಲಿಂದ ಒಂದು ಕೊಳವೆಯ ಮೂಲಕ ಅದನ್ನು ಹೀರಿ ಬೇರಿಂಗುಗಳಿಗೆ ಕಳಿಸುತ್ತದೆ. ಬಾಣಲೆಯನ್ನು ಓರೆ ಮಾಡಿದಾಗ ಎಣ್ಣೆ ಒಂದು ಬದಿಗೆ ಸೇರುವಂತೆ, ತಿರುವಿನ ಅಡ್ಡಬಲಕ್ಕೆ ಸಂಪ್‌ನ ಆಯಿಲ್ ಒಂದು ಬದಿಯ ಗೋಡೆ ಹತ್ತುತ್ತದೆ. 1.0 ಜಿಯಲ್ಲಿ ಅದರ ಮೇಲ್ಮೈ 45 ಡಿಗ್ರಿ ಓರೆಯಾಗುತ್ತದೆ, 1.3 ಜಿಯಲ್ಲಿ 52 ಡಿಗ್ರಿ ದಾಟುತ್ತದೆ. ಕ್ಷಣಮಾತ್ರದ ತಿರುವಾದರೆ ಅಷ್ಟರೊಳಗೆ ಆಯಿಲ್ ಮರಳಿ ಬರುತ್ತದೆ. ಉದ್ದನೆಯ ತಿರುವಿನಲ್ಲಿ ಹೀರುವ ಕೊಳವೆಯ ಬಾಯಿ ಬರಿದಾಗಿ ಪಂಪು ಗಾಳಿಯನ್ನು ಎಳೆಯುತ್ತದೆ, ಎಂಜಿನ್ ಗರಿಷ್ಠ ವೇಗದಲ್ಲಿರುವಾಗಲೇ ಬೇರಿಂಗುಗಳು ಒಣಗುತ್ತವೆ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಟ್ರ್ಯಾಕಿನಲ್ಲಿ ಓಡಿಸಿದ ಪೋರ್ಷೆ 944 ಎಂಜಿನ್ನಿನಲ್ಲಿ ಎರಡನೆಯ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗ್ ಹೋಗುವುದು ಈ ಬಗೆಯ ಹಾನಿಗೆ ಬಹಳ ಹಿಂದಿನಿಂದ ಪರಿಚಿತವಾದ ಉದಾಹರಣೆ. ಸಂಪ್‌ನೊಳಗೆ ಅಡ್ಡತಟ್ಟೆಗಳನ್ನು ಕೂರಿಸುವುದು, ಒತ್ತಡ ಇಳಿದೊಡನೆ ಆಯಿಲ್ ಒದಗಿಸುವ ಪ್ರತ್ಯೇಕ ಸಂಗ್ರಾಹಕ ಜೋಡಿಸುವುದು, ಕೊನೆಗೆ ಆಯಿಲನ್ನು ಸಂಪ್‌ನಲ್ಲಿ ನಿಲ್ಲಿಸದೆ ಬೇರೆ ತೊಟ್ಟಿಯಲ್ಲಿಡುವ ಡ್ರೈ ಸಂಪ್ ವ್ಯವಸ್ಥೆಗೇ ಹೋಗುವುದು ಇದಕ್ಕೆ ಇರುವ ಪರಿಹಾರಗಳು. ಆಯಿಲನ್ನು ಡಿಪ್‌ಸ್ಟಿಕ್ಕಿನ ಮೇಲಿನ ಗೆರೆಯವರೆಗೆ ತುಂಬಿಡುವುದು ಎಲ್ಲರೂ ಮಾಡಬಹುದಾದ ಅಲ್ಪ ಉಪಾಯ. ಎರಡನೆಯ ಮಹಾಯುದ್ಧದ ವಿಮಾನ ನೆಲೆಗಳೇ ಟ್ರ್ಯಾಕುಗಳಾದ ಬ್ರಿಟನ್ನಿನ ಸಿಲ್ವರ್‌ಸ್ಟೋನ್, ಸ್ನೆಟರ್ಟನ್, ಥ್ರಕ್ಸ್‌ಟನ್ ಮುಂತಾದೆಡೆ ಉದ್ದನೆಯ ವೇಗದ ತಿರುವುಗಳಿರುವುದರಿಂದ ಈ ತೊಂದರೆಯನ್ನು ಅಲ್ಲಿನವರು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತಾರೆ. ಪೆಟ್ರೋಲ್ ಟ್ಯಾಂಕಿನಲ್ಲೂ ಇದೇ ನಡೆಯುತ್ತದೆ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದಾಗ ತಿರುವಿನಿಂದ ಹೊರಬರುತ್ತ ಎಂಜಿನ್ ಮುಗ್ಗರಿಸುವುದು ಅದರ ಲಕ್ಷಣ.

ಬ್ರೇಕಿನ ಮಾತು ಸ್ವಲ್ಪ ಬೇರೆ. ಗಂಟೆಗೆ 180 ಕಿ.ಮೀ.ಯಿಂದ 80 ಕಿ.ಮೀ.ಗೆ ಇಳಿಯುವಾಗ ಅದೇ 1,300 ಕೆ.ಜಿ. ಕಾರು ಕಳೆದುಕೊಳ್ಳಬೇಕಾದ ಶಕ್ತಿ ಟೈರ್ ಯಾವುದಿದ್ದರೂ ಒಂದೇ, ಸುಮಾರು 1.3 ಮೆಗಾಜೌಲ್. 1.0 ಜಿಯಲ್ಲಿ ಅದಕ್ಕೆ 102 ಮೀಟರ್ ಬೇಕು, 1.3 ಜಿಯಲ್ಲಿ 79 ಮೀಟರ್ ಸಾಕು. ಆದರೆ ಅಷ್ಟೇ ಶಾಖ ಕಡಿಮೆ ಹೊತ್ತಿನಲ್ಲಿ ಹುಟ್ಟುವುದರಿಂದ ಬ್ರೇಕು ತಾಳಬೇಕಾದ ಸರಾಸರಿ ಶಕ್ತಿದರ 460 ಕಿಲೋವ್ಯಾಟಿನಿಂದ 600ಕ್ಕೆ ಏರುತ್ತದೆ. ಸಾಲದ್ದಕ್ಕೆ, ತಿರುವುಗಳಿಂದ ಹೆಚ್ಚು ವೇಗದಲ್ಲಿ ಹೊರಬಂದ ಕಾರು ಮುಂದಿನ ತಿರುವನ್ನು ಇನ್ನೂ ಹೆಚ್ಚಿನ ವೇಗದಲ್ಲಿ ಮುಟ್ಟುತ್ತದೆ. ರಸ್ತೆ ಕಾರಿನ ಬ್ರೇಕ್ ಪ್ಯಾಡು ಇದಕ್ಕೆ ತಯಾರಾದದ್ದಲ್ಲ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ನೆಲದವರೆಗೆ ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಬೀಳುತ್ತದೆ. ವರ್ಷಗಟ್ಟಲೆ ಬದಲಿಸದ ಬ್ರೇಕ್ ಆಯಿಲ್ ಇರುವ ಕಾರಿಗೆ ಸ್ಲಿಕ್ ಹಾಕುವುದು ಜೀವಕ್ಕೆ ಅಪಾಯ. 300 ಡಿಗ್ರಿಗೂ ಮೇಲೆ ಕುದಿಯುವ ರೇಸಿಂಗ್ ಆಯಿಲ್, ಶಾಖ ತಾಳುವ ಪ್ಯಾಡು, ಡಿಸ್ಕಿಗೆ ಗಾಳಿ ಒಯ್ಯುವ ಕೊಳವೆ ಸ್ಲಿಕ್‌ಗಿಂತ ಮೊದಲು ಬರಬೇಕಾದವು.

ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಮತ್ತು ಸ್ಥಿರತೆ ಕಾಯುವ ವ್ಯವಸ್ಥೆಗಳ ತಂತ್ರಾಂಶವೂ ರಸ್ತೆ ಟೈರ್ ಎಷ್ಟು ಜಾರಿದಾಗ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕದ ಮೇಲೆ ನಿಂತಿದೆ. ಸ್ಲಿಕ್ ಹಾಕಿದಾಗ ಕೆಲವು ಕಾರುಗಳಲ್ಲಿ ಎಬಿಎಸ್ ನೆಲವನ್ನು ತಪ್ಪಾಗಿ ಅಂದಾಜಿಸಿ, ಮಂಜುಗಡ್ಡೆಯ ಮೇಲಿದ್ದೇವೆ ಎಂಬಂತೆ ಬ್ರೇಕಿನ ಒತ್ತಡವನ್ನು ಹಠಾತ್ತನೆ ಸಡಿಲಿಸುತ್ತದೆ. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ಕಾರು ನಿಲ್ಲದೆ ಮುಂದೆ ಸಾಗುವ ಈ ಅನುಭವ ಪಳಗಿದ ಚಾಲಕರನ್ನೂ ಗಾಬರಿಗೊಳಿಸುತ್ತದೆ. ಮುಂದಿನ ಮತ್ತು ಹಿಂದಿನ ಟೈರುಗಳ ವ್ಯಾಸದ ಅನುಪಾತ ಮೂಲಕ್ಕಿಂತ ಬೇರೆಯಾದರೂ ಈ ವ್ಯವಸ್ಥೆಗಳು ಗೊಂದಲಕ್ಕೆ ಬೀಳುತ್ತವೆ.

ಸಸ್ಪೆನ್ಶನ್ನಿನಲ್ಲಿ ಮುಖ್ಯವಾದದ್ದು ಕ್ಯಾಂಬರ್. ಸಾಮಾನ್ಯ ಕಾರುಗಳ ಮ್ಯಾಕ್‌ಫರ್ಸನ್ ಸ್ಟ್ರಟ್ ಸಸ್ಪೆನ್ಶನ್ ತಿರುವಿನಲ್ಲಿ ಕಾರು ವಾಲಿದಂತೆ ಹೊರಚಕ್ರವನ್ನು ಹೊರಕ್ಕೆ ಓರೆ ಮಾಡುತ್ತದೆ. ಭಾರವೆಲ್ಲ ಟೈರಿನ ಹೊರಅಂಚಿಗೆ ಬಿದ್ದು, ಹೊಸ ಸ್ಲಿಕ್ ಒಂದೇ ದಿನದಲ್ಲಿ ಅಂಚು ಸವೆದು ನೂಲು ಕಾಣುವ ಸ್ಥಿತಿಗೆ ಬರಬಹುದು. ಇದನ್ನು ತಡೆಯಲು ನಿಂತಾಗಲೇ ಚಕ್ರದ ತಲೆ ಮೂರು ಡಿಗ್ರಿಯಷ್ಟು ಒಳಕ್ಕೆ ವಾಲುವಂತೆ ಹೊಂದಿಸುತ್ತಾರೆ. ಅಷ್ಟು ಹೊಂದಿಸಲು ಬಹುತೇಕ ಕಾರುಗಳಲ್ಲಿ ಅವಕಾಶವೇ ಇಲ್ಲದ್ದರಿಂದ ಸ್ಟ್ರಟ್‌ನ ಮೇಲ್ತುದಿಗೆ ಬೇರೆ ಪ್ಲೇಟ್ ಹಾಕಬೇಕಾಗುತ್ತದೆ. ಅದೇ ಕಾರು ರಸ್ತೆಗಿಳಿದರೆ ರಸ್ತೆ ಟೈರಿನ ಒಳಅಂಚು ಬೇಗ ಸವೆಯುತ್ತದೆ. ಚಕ್ರದ ಬೇರಿಂಗು, ಸ್ಟಡ್ಡು, ಬಾಲ್ ಜಾಯಿಂಟು, ರಬ್ಬರ್ ಬುಶ್ಶುಗಳ ಆಯುಸ್ಸೂ ಕುಗ್ಗುತ್ತದೆ. ಸ್ಲಿಕ್ ಬಳಸುವವರು ಇವನ್ನು ನಿಯತವಾಗಿ ಪರೀಕ್ಷಿಸಿ, ಹಾಳಾಗುವ ಮುನ್ನವೇ ಬದಲಿಸುತ್ತಾರೆ.

ಅಳತೆ ಮತ್ತು ಬಳಸಿದ ಟೈರುಗಳ ಪೇಟೆ

ಸ್ಲಿಕ್ ಟೈರಿನ ಮೇಲೆ ಬರೆದ ಅಳತೆ ರಸ್ತೆ ಟೈರಿನಂತಿರುವುದಿಲ್ಲ. 225/40 ಆರ್18 ಎಂಬ ರಸ್ತೆ ಟೈರಿನಲ್ಲಿ 225 ಮಿ.ಮೀ. ಅಗಲ, ಅದರ ಶೇ. 40 ಪಕ್ಕೆಯ ಎತ್ತರ, 18 ಇಂಚು ರಿಮ್; ಲೆಕ್ಕ ಹಾಕಿದರೆ ಹೊರವ್ಯಾಸ ಸುಮಾರು 637 ಮಿ.ಮೀ. ಬರುತ್ತದೆ. ಮಿಶೆಲಿನ್ ಸ್ಲಿಕ್ ಮೇಲಿನ 27/65-18 ಎಂದರೆ 27 ಸೆಂ.ಮೀ. ಅಗಲ, 65 ಸೆಂ.ಮೀ. ಹೊರವ್ಯಾಸ, 18 ಇಂಚಿನ ರಿಮ್. ಪಿರೆಲ್ಲಿ ಅದನ್ನೇ ಮಿಲಿಮೀಟರಿನಲ್ಲಿ 245/645-18 ಎಂಬ ಮಾದರಿಯಲ್ಲಿ ಬರೆಯುತ್ತದೆ. ಹೊರವ್ಯಾಸ ನೇರವಾಗಿ ತಿಳಿಯುವುದು ಅನುಕೂಲವೇ: ಚಕ್ರದ ಗೂಡಿನಲ್ಲಿ ಟೈರ್ ಹಿಡಿಸುತ್ತದೆಯೇ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ತಾಗುತ್ತದೆಯೇ ಎಂಬುದು ಅದರಿಂದಲೇ ನಿರ್ಧಾರವಾಗುತ್ತದೆ. ರಸ್ತೆ ಟೈರಿನ ಮೇಲಿರುವ ಭಾರ ಮತ್ತು ವೇಗದ ಸಂಕೇತಗಳು ಸ್ಲಿಕ್ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಯುರೋಪಿನಲ್ಲಿ ಈ ಹವ್ಯಾಸ ಹಬ್ಬಲು ದೊಡ್ಡ ಕಾರಣ ಬಳಸಿದ ಸ್ಲಿಕ್‌ಗಳ ಪೇಟೆ. ಪೋರ್ಷೆ ಕರೇರಾ ಕಪ್‌ನಂಥ ಒಂದೇ ಮಾದರಿಯ ಕಾರುಗಳ ರೇಸುಗಳಲ್ಲಿ ತಂಡಗಳು ಹೊಸ ಟೈರಿನ ಮೊದಲ ಕೆಲವು ಸುತ್ತುಗಳ ಲಾಭ ಪಡೆದು ಅದನ್ನು ಬದಿಗಿಡುತ್ತವೆ. ಅರ್ಧಕ್ಕೂ ಹೆಚ್ಚು ರಬ್ಬರ್ ಉಳಿದ ಅವು ಹೊಸ ರಸ್ತೆ ಟೈರಿಗಿಂತ ಕಡಿಮೆ ಬೆಲೆಗೆ ಸಿಗುವುದುಂಟು. ಆದರೆ ಉಳಿದ ರಬ್ಬರಿನ ದಪ್ಪ ಟೈರಿನ ಪೂರ್ಣ ಕಥೆ ಹೇಳುವುದಿಲ್ಲ. ಪ್ರತಿ ಸಲ ಕಾದು ತಣಿದಾಗಲೂ ರಬ್ಬರಿನೊಳಗಿನ ಮೃದುಕಾರಿ ಎಣ್ಣೆ ಆವಿಯಾಗುತ್ತದೆ, ಅಣುಸರಪಳಿಗಳ ನಡುವಿನ ಕೊಂಡಿಗಳು ಬಿಗಿಯಾಗುತ್ತವೆ, ರಬ್ಬರ್ ಗಡುಸಾಗುತ್ತದೆ. ಕೊಳ್ಳುವ ಮುನ್ನ ಗಡಸುತನ ಅಳೆಯುವ ಡ್ಯೂರೋಮೀಟರನ್ನು ಒತ್ತಿ ನೋಡುವುದು, ತಯಾರಾದ ದಿನಾಂಕ ನೋಡುವುದು, ಪಕ್ಕೆಯ ಒಳಗೂ ಹೊರಗೂ ಕೊಯ್ತವಿದೆಯೇ ಎಂದು ಪರೀಕ್ಷಿಸುವುದು ಅಗತ್ಯ. ಬ್ರೇಕ್ ಕಚ್ಚಿ ಜಾರಿದ ಟೈರಿನಲ್ಲಿ ಒಂದು ಕಡೆ ಚಪ್ಪಟೆಯಾದ ಸವೆತವಿರುತ್ತದೆ. ಅದರ ಅದುರುವಿಕೆ ಓಡಿಸಿದಾಗಲೇ ಗೊತ್ತಾಗುವುದು. ಇನ್ನು, ಟ್ರ್ಯಾಕಿನ ಅಂಚಿನಲ್ಲಿ ಬಿದ್ದ ರಬ್ಬರ್ ಉಂಡೆಗಳು ಬಿಸಿ ಸ್ಲಿಕ್‌ಗೆ ಮೆತ್ತಿಕೊಂಡು ಮೇಲ್ಮೈ ದಪ್ಪಗಾಗಿ ಕಾಣುತ್ತದೆ, ಸವೆತ ಅಳೆಯುವ ಸಣ್ಣ ಗುಂಡಿಗಳೂ ಮುಚ್ಚಿಹೋಗುತ್ತವೆ. ಕೆರೆದು ತೆಗೆದ ಮೇಲಷ್ಟೇ ನಿಜವಾದ ಸ್ಥಿತಿ ತಿಳಿಯುವುದು.

ನೀರು ಮತ್ತು ಕಾನೂನು

ನೆಲದ ಮೇಲೆ ನೀರಿನ ತೆಳು ಪದರವಿದ್ದರೂ ಸ್ಲಿಕ್ ನಿರುಪಯೋಗಿ. ನೀರಿಗೆ ಹೋಗಲು ದಾರಿಯಿಲ್ಲದೆ ಅದು ಟೈರಿನ ಮುಂದೆ ಬೆಣೆಯಂತೆ ಸೇರಿ ಟೈರನ್ನೇ ಎತ್ತುತ್ತದೆ. ನಾಸಾದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಅಭ್ಯಸಿಸಿ, ಟೈರ್ ನೀರಿನ ಮೇಲೆ ತೇಲುವ ವೇಗ ಗಾಳಿ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿದೆ ಎಂದು ತೋರಿಸಿದರು. ಅವರ ಸೂತ್ರದ ಪ್ರಕಾರ 27 ಪಿಎಸ್‌ಐ ಒತ್ತಡದ ತೋಡಿಲ್ಲದ ಟೈರ್, ನಿಂತ ನೀರಿನ ಮೇಲೆ ಗಂಟೆಗೆ ಸುಮಾರು 87 ಕಿ.ಮೀ. ವೇಗಕ್ಕೇ ಪೂರ್ತಿ ತೇಲುತ್ತದೆ. ಹಿಡಿತ ಕುಸಿಯುವುದು ಅದಕ್ಕೂ ಬಹಳ ಮೊದಲು, ಏಕೆಂದರೆ ಒದ್ದೆ ನೆಲದಲ್ಲಿ ಸ್ಲಿಕ್ ಬಿಸಿಯಾಗಿ ಉಳಿಯುವುದೂ ಇಲ್ಲ. ಹನಿ ಬಿದ್ದೊಡನೆ ಪಿಟ್‌ಗೆ ಮರಳಿ ಟೈರ್ ಬದಲಿಸುವುದೊಂದೇ ಸರಿಯಾದ ಕ್ರಮ.

ಬಹುತೇಕ ದೇಶಗಳ ಸಾರ್ವಜನಿಕ ರಸ್ತೆಯಲ್ಲಿ ಸ್ಲಿಕ್ ಸಲ್ಲದು. ಬ್ರಿಟನ್ನಿನಲ್ಲಿ ಕಾರ್ ಟೈರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ, ತೋಡು ಕನಿಷ್ಠ 1.6 ಮಿ.ಮೀ. ಆಳವಿರಬೇಕು. ಭಾರತದಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿಗೆ ಕನಿಷ್ಠ ಆಳ 1.6 ಮಿ.ಮೀ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನ ಉತ್ತರ ಸುತ್ತು ಇಲ್ಲಿ ವಿಶೇಷ ಪ್ರಕರಣ. ಸುಮಾರು 20.8 ಕಿ.ಮೀ. ಉದ್ದದ ಆ ಟ್ರ್ಯಾಕು ಸಾರ್ವಜನಿಕರಿಗೆ ತೆರೆದಿರುವ ಹೊತ್ತಿನಲ್ಲಿ ಶುಲ್ಕದ ರಸ್ತೆ ಎನಿಸುತ್ತದೆ, ಜರ್ಮನಿಯ ರಸ್ತೆ ಸಂಚಾರ ಕಾನೂನೇ ಅನ್ವಯಿಸುತ್ತದೆ. ಆದ್ದರಿಂದ ಅಲ್ಲಿ ಸ್ಲಿಕ್ ನಿಷಿದ್ಧ. ಖಾಸಗಿ ಟ್ರ್ಯಾಕ್ ಡೇಗಳಲ್ಲಿ ಸಂಘಟಕರದೇ ನಿಯಮ. ಕೆಲವರು ಒಪ್ಪುತ್ತಾರೆ, ಕೆಲವರು ವೇಗದ ಅಂತರ ಹೆಚ್ಚಾಗುತ್ತದೆಂದು ರಸ್ತೆಗೆ ಸಲ್ಲುವ ಟೈರುಗಳನ್ನು ಮಾತ್ರ ಬಿಡುತ್ತಾರೆ.

ನಡುವಿನ ದಾರಿ

ರಸ್ತೆ ಟೈರಿಗೂ ಸ್ಲಿಕ್‌ಗೂ ನಡುವೆ ಸೆಮಿ ಸ್ಲಿಕ್‌ಗಳಿವೆ: ಮೃದು ಮಿಶ್ರಣ, ಗಟ್ಟಿ ಪಕ್ಕೆ, ಕಾನೂನಿಗೆ ಬೇಕಾದಷ್ಟೇ ತೋಡು. ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2, ಯೊಕೊಹಾಮಾ ಅಡ್ವಾನ್ ಎ052, ಟೊಯೊ ಪ್ರಾಕ್ಸೆಸ್ ಆರ್888ಆರ್, ನಾನ್‌ಕಾಂಗ್ ಎಆರ್-1 ಈ ಬಗೆಯವು. ಇವುಗಳ ಹಿಡಿತ ಸ್ಲಿಕ್‌ಗಿಂತ ಕಡಿಮೆ, ಆದರೆ ತಣ್ಣಗಿದ್ದಾಗಲೂ ಕೆಲಸ ಮಾಡುತ್ತವೆ, ಅದೇ ಚಕ್ರದಲ್ಲಿ ಮನೆಗೂ ಮರಳಬಹುದು. ಇನ್ನೊಂದು ಗುಣ ಹೆಚ್ಚು ಮುಖ್ಯ: ರಸ್ತೆ ಟೈರ್ ಜಾರುವ ಮೊದಲು ಕಿರುಚಿ ಎಚ್ಚರಿಸುತ್ತದೆ, ನಿಧಾನವಾಗಿ ಹಿಡಿತ ಬಿಡುತ್ತದೆ. ಸ್ಲಿಕ್ ಬಹುಮಟ್ಟಿಗೆ ಮೌನವಾಗಿದ್ದು, ಹೆಚ್ಚಿನ ವೇಗದಲ್ಲಿ, ಥಟ್ಟನೆ ಬಿಟ್ಟುಬಿಡುತ್ತದೆ. ತಿದ್ದಿಕೊಳ್ಳಲು ಸಿಗುವ ಹೊತ್ತು ಕಡಿಮೆ. ಮಿತಿಯ ಅಂಚಿನಲ್ಲಿ ಕಾರು ಹೇಗೆ ನಡೆದುಕೊಳ್ಳುತ್ತದೆಂದು ಕಲಿಯಬೇಕಾದವರಿಗೆ ಸಾಧಾರಣ ಟೈರೇ ಒಳ್ಳೆಯ ಗುರು. ಕಾರಿನ ಉಳಿದ ಭಾಗಗಳನ್ನು ಸಿದ್ಧಗೊಳಿಸಿ, ಸೆಮಿ ಸ್ಲಿಕ್‌ನಲ್ಲಿ ಪಳಗಿದ ಮೇಲೆ ಸ್ಲಿಕ್‌ಗೆ ಹೋಗುವುದು ಸರಿಯಾದ ಅನುಕ್ರಮ. ಮೊದಲೇ ಸ್ಲಿಕ್ ಹಾಕಿದವರ ತಪ್ಪುಗಳನ್ನು ಟೈರಿನ ಹಿಡಿತ ಬಹುಕಾಲ ಮುಚ್ಚಿಡುತ್ತದೆ.

ಭಾರತದಲ್ಲಿ

ಭಾರತದ ಟ್ರ್ಯಾಕ್ ಡೇಗಳು ಶ್ರೀಪೆರುಂಬುದೂರು ಬಳಿಯ ಇರುಂಗಾಟ್ಟುಕೋಟೈನಲ್ಲಿರುವ, ಸುಮಾರು 3.7 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ಗಳಲ್ಲಿ ನಡೆಯುತ್ತವೆ. ಕರ್ನಾಟಕದಲ್ಲಿ ಇಷ್ಟು ದೊಡ್ಡ ಕಾರ್ ಟ್ರ್ಯಾಕ್ ಇಲ್ಲದ್ದರಿಂದ ಬೆಂಗಳೂರಿನ ಹವ್ಯಾಸಿಗಳು ಮೊದಲೆರಡಕ್ಕೆ ಹೋಗುತ್ತಾರೆ. ಇಲ್ಲಿನ ಹಲವರು ಸ್ಲಿಕ್ ಟೈರನ್ನು ಮೊದಲು ಕಾಣುವುದು ಗೋ-ಕಾರ್ಟ್ ಟ್ರ್ಯಾಕುಗಳಲ್ಲಿ. ದೇಶದೊಳಗೆ ಎಂಆರ್‌ಎಫ್ ರೇಸ್ ಕಾರುಗಳಿಗೆ ಸ್ಲಿಕ್ ತಯಾರಿಸುತ್ತದೆ, ಆದರೆ ಬಳಸಿದ ಸ್ಲಿಕ್‌ಗಳ ಯುರೋಪಿನಂಥ ಪೇಟೆ ಇಲ್ಲಿಲ್ಲ. ಟೈರ್ ಬಿಸಿಯಾಗದಿರುವುದು ಬ್ರಿಟನ್ನಿನ ಚಳಿಯ ತೊಂದರೆ. ತಮಿಳುನಾಡಿನಲ್ಲಿ ಅದು ತಿರುವುಮುರುವು. ಮಧ್ಯಾಹ್ನದ ಬಿಸಿಲಿಗೆ ಡಾಂಬರು 50 ಡಿಗ್ರಿ ದಾಟಿದಾಗ ಮೃದು ಮಿಶ್ರಣ ಕೆಲವೇ ಸುತ್ತುಗಳಲ್ಲಿ ಹದ ಮೀರುತ್ತದೆ. ಗಡಸು ಮಿಶ್ರಣ ಆರಿಸುವುದು, ತಣ್ಣಗಿನ ಒತ್ತಡವನ್ನು ನೆರಳಿನಲ್ಲಿ ಹೊಂದಿಸುವುದು, ಬೆಳಗಿನ ಹೊತ್ತಿನಲ್ಲೇ ಹೆಚ್ಚು ಓಡಿಸುವುದು ಅಲ್ಲಿ ಉಪಯುಕ್ತ. ಬೆಂಗಳೂರಿನಿಂದ ಇರುಂಗಾಟ್ಟುಕೋಟೈಗೆ ಸುಮಾರು 300 ಕಿ.ಮೀ. ದಾರಿ. ಸ್ಲಿಕ್‌ಗಳನ್ನು ಬೇರೆ ರಿಮ್‌ಗಳ ಮೇಲೆ ಕೂರಿಸಿ ಇನ್ನೊಂದು ವಾಹನದಲ್ಲಿ ಒಯ್ದು, ಪ್ಯಾಡಕ್‌ನಲ್ಲಿ ಬದಲಿಸಿ, ಕೆಲವು ಸುತ್ತುಗಳ ನಂತರ ನಟ್ಟುಗಳ ಬಿಗಿತವನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಪರೀಕ್ಷಿಸಬೇಕು. ಮರಳುವ ಮುನ್ನ ರಸ್ತೆ ಟೈರಿನ ಗಾಳಿ, ಬ್ರೇಕ್ ಪ್ಯಾಡಿನಲ್ಲಿ ಉಳಿದ ದಪ್ಪ ಮತ್ತು ಎಂಜಿನ್ ಆಯಿಲಿನ ಮಟ್ಟವನ್ನೂ ನೋಡಿಕೊಳ್ಳಬೇಕು.